ನೆಲುವಿನ ಗೆಜ್ಜೆ

ಸೆಪ್ಟೆಂಬರ್ 21, 1953, ಸೋಮವಾರ. ಯಾದವಗಿರಿ

ಇವತ್ತು ಬೆಣ್ಣೆಯವಳು ಬಂದಿದ್ದಳು. ಹೆಸರು ದೇವಿರಮ್ಮ, ಇಲವಾಲದವಳು. ಸೋಮವಾರ, ಗುರುವಾರ ಹುಣಸೂರು ಕಡೆಯಿಂದ ಬರುವ ಮೊದಲ ಬಸ್ಸಿಗೆ ಬಂದು, ನಮ್ಮ ಬೀದಿಯ ಏಳೆಂಟು ಮನೆಗಳಿಗೆ ಬೆಣ್ಣೆ ಹಾಕಿ ಮಧ್ಯಾಹ್ನಕ್ಕೆ ವಾಪಸಾಗುತ್ತಾಳೆ. ನಮ್ಮ ಮನೆಯ ಹಿತ್ತಲ ಜಗುಲಿಯ ಮೇಲೆ ಮಾತ್ರ ಅರ್ಧ ಗಂಟೆ ಕೂರುತ್ತಾಳೆ. ಚಂದ್ರಮತಿ ಅವಳಿಗೆ ಕಾಫಿ ಕೊಡುತ್ತಾಳೆ, ಇಬ್ಬರೂ ಕಷ್ಟಸುಖ ಮಾತಾಡಿಕೊಳ್ಳುತ್ತಾರೆ. ನಾನು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕಿಟಕಿಯನ್ನು ಅರೆ ಮುಚ್ಚಿಕೊಂಡು ಕೇಳುತ್ತೇನೆ. ಕೇಳುವುದಷ್ಟೇ ಅಲ್ಲ, ಬರೆದುಕೊಳ್ಳುತ್ತೇನೆ.

ಇದರಲ್ಲಿ ಮುಚ್ಚುಮರೆ ಏನಿಲ್ಲ ಎಂದು ಬರೆಯಹೊರಟೆ. ಆದರೆ ಚಂದ್ರಮತಿಗೆ ಇದು ಗೊತ್ತಿಲ್ಲ. "ಅವರು ಒಳಗೆ ಬರೀತಾ ಇದಾರೆ, ಮೆಲ್ಲಗೆ ಮಾತಾಡೋಣ ಕಣಮ್ಮ" ಎನ್ನುತ್ತಾಳೆ ಪಾಪ. ನಾನು ಬರೆಯುತ್ತಿರುವುದು ನಿಜವೇ.

ಏನು ಮಾಡಲಿ? ಅರಮನೆಯಲ್ಲಿ ಪುರಾಣ ಓದುತ್ತಿದ್ದವರ ಮೊಮ್ಮಗ ನಾನು, ಹೊಲ ಕಂಡದ್ದು ರೈಲಿನ ಕಿಟಕಿಯಿಂದ. ಅಂಥವನನ್ನು ತಂದು ರೇಡಿಯೋ ನಿಲಯದಲ್ಲಿ ಹಳ್ಳಿಗರ ಕಾರ್ಯಕ್ರಮಕ್ಕೆ ಹಾಕಿದರು. ಶನಿವಾರ ಸಂಜೆಯ 'ಜಗುಲಿ ಮಾತು' ಎರಡು ವರ್ಷದಿಂದ ನಾನೇ ಬರೆಯುತ್ತೇನೆ. ಅದರಲ್ಲಿ ಬರುವ ರುದ್ರಣ್ಣ ಎಂಬ ರೈತನ ಪಾತ್ರವನ್ನೂ ನಾನೇ ಆಡುತ್ತೇನೆ. 'ರುದ್ರಣ್ಣನ ಮಾತಿನಲ್ಲಿ ಮಣ್ಣಿನ ವಾಸನೆ ಇದೆ' ಎಂದು ಕಾಗದಗಳು ಬರುತ್ತವೆ. ಆ ವಾಸನೆ ವಾರಕ್ಕೆರಡು ದಿನ ನಮ್ಮ ಹಿತ್ತಲಿಗೆ ಬೆಣ್ಣೆಯ ಜೊತೆ ಬರುತ್ತದೆ ಎಂದು ಯಾರಿಗೂ ತಿಳಿಯದು.

ಇವತ್ತು ಅವಳು ಅತ್ತಳು. ಮಗಳು ಚಿಕ್ಕತಾಯಿಯ ವಿಷಯ. "ಗೌರಿ ಅಬ್ಬುಕ್ ಬಂದವ್ಳೆ ಅಂತ ಊರೋರ್ಗೆಲ್ಲ ಏಳ್ಕೊಂಡು ತಿರುಗ್ತಾ ಇವ್ನಿ ಅಮ್ಮಾವ್ರೆ. ಅಬ್ಬ ಮುಗ್ದು ಎಷ್ಟ್ ದಿನ ಆಯ್ತು? ಅವ್ಳತ್ತೆ ಓಡ್ಸ್‌ಬುಟ್ಟವ್ಳೆ. ಒಪ್ಪೊತ್ತು ಒಂದ್ ಮುದ್ದೆ ಆಕೋರಂತೆ. ಕದ್ದು ಅನ್ನುಕ್ ಕೈ ಆಕ್ತಾಳೆ ಅಂತವ, ಸೂರಿಂದ ಮಡಕೆ ತೂಗಾಕೋ ನೆಲುವಿಗೆ ಗೆಜ್ಜೆ ಕಟ್ಟವ್ಳೆ. ಮುಟ್ಟುದ್ರೆ ಗಲ್ ಅನ್ಬೇಕು, ಅಂಗೆ! ಗಲ್ ಅಂದೇಟ್ಗೆ ಎದ್ದು ಬಂದು ಮನೆಮಂದೀನೆಲ್ಲ ಎಬ್ರಿಸಿ 'ನೋಡ್ರೋ ಕಳ್ಳೀಯ' ಅಂತ ತೋರ್ಸೋಳಂತೆ. ಇದ ಯಾರ್ಗೂ ಏಳ್ಬ್ಯಾಡಿ, ನಿಮ್ ದಮ್ಮಯ್ಯ."

ಚಂದ್ರಮತಿಯೂ ಅತ್ತಿರಬೇಕು, ಮೂಗು ಒರೆಸುವ ಸದ್ದು ಕೇಳಿಸಿತು. ನನ್ನ ಪೆನ್ಸಿಲ್ ಮಾತ್ರ ಓಡುತ್ತಿತ್ತು. ಗೆಜ್ಜೆ! ರೇಡಿಯೋಗೆಂದೇ ಹುಟ್ಟಿದ ವಸ್ತು. ಕಣ್ಣಿಗೆ ಏನೂ ಕಾಣಬೇಕಾಗಿಲ್ಲ, ಗಲ್ ಎಂದರೆ ಸಾಕು.

ಸೆಪ್ಟೆಂಬರ್ 25, ಶುಕ್ರವಾರ

ಸ್ಕ್ರಿಪ್ಟ್ ಪಾಸಾಯಿತು. ಪ್ರೋಗ್ರಾಂ ಅಧಿಕಾರಿ ರಾಮಸ್ವಾಮಿಗಳು ಎಂದೂ ನಗದವರು, ಎರಡು ಕಡೆ ನಕ್ಕರು. ಮೂಲೆಯಲ್ಲಿ ಸಹಿ ಹಾಕಿ, "ಇನ್ನು ಒಂದಕ್ಷರ ಆಚೀಚೆ ಆಗಕೂಡದು ಕಣ್ರೀ ಸುಂದರೇಶ್" ಎಂದರು. ಪ್ರತಿ ಸಲವೂ ಹೇಳುತ್ತಾರೆ. ಸಹಿಯಾದ ಮೇಲೆ ನಮ್ಮಲ್ಲಿ ಕೆಮ್ಮಿಗೂ ಅಪ್ಪಣೆ ಬೇಕು.

ಕಥೆಯಲ್ಲಿ ಹೊಟ್ಟೆಬಾಕ ಸೊಸೆ, ನೆಲುವಿಗೆ ಗೆಜ್ಜೆ ಕಟ್ಟುವ ಜಾಣ ಅತ್ತೆ. ದೇವಿರಮ್ಮ ಹೇಳಿದ್ದು ಒಂದು ಗೆಜ್ಜೆ. ಒಂದರಲ್ಲಿ ತಮಾಷೆ ಇಲ್ಲವೆಂದು ಎತ್ತಿನ ಕೊರಳಿನ ಪೂರಾ ಸರವನ್ನೇ ಕಟ್ಟಿಸಿದ್ದೇನೆ. ಸೊಸೆ ಹಸಿದಿದ್ದಳು ಎನ್ನುವುದನ್ನು ಬಿಟ್ಟೆ. ಅದು ಬಂದರೆ ಜನ ನಗುವುದಿಲ್ಲ.

ಸದ್ದುಗಳನ್ನು ಮಾಡುವ ಮಹದೇವು ದೇವರಾಜ ಮೊಹಲ್ಲಾದ ಅಂಗಡಿಯಿಂದ ಎತ್ತಿನ ಗೆಜ್ಜೆಸರ ತಂದ. ಮೈಕಿನ ಎದುರು ಆಡಿಸಿದರೆ ಡಬ್ಬಿಯಲ್ಲಿ ಮೊಳೆ ಕುಲುಕಿದ ಹಾಗೆ ಕೇಳಿತು. ಗಾಜಿನ ಆಚೆಯಿಂದ ರಾಮಸ್ವಾಮಿಗಳು ಬೇಡವೆಂದು ತಲೆಯಾಡಿಸಿದರು. ಮಹದೇವು ನಾಲ್ಕು ಗೆಜ್ಜೆಗೆ ಹತ್ತಿ ತುರುಕಿ, ಸರವನ್ನು ಮಲ್ಲು ಪಂಚೆಯಲ್ಲಿ ಸುತ್ತಿ, ಐದು ಅಡಿ ಹಿಂದೆ ನಿಂತು ಆಡಿಸಿದ. ಆಗ ಗೆಜ್ಜೆಯ ಸದ್ದು ಗೆಜ್ಜೆಯದಾಯಿತು. ನಮ್ಮ ಕಸುಬೇ ಇದು. ಇದ್ದದ್ದನ್ನು ಇದ್ದ ಹಾಗೆ ಕೇಳಿಸಿದರೆ ಸುಳ್ಳಾಗಿ ಕೇಳುತ್ತದೆ.

ಸೆಪ್ಟೆಂಬರ್ 26, ಶನಿವಾರ

ಬಹಳ ಚೆನ್ನಾಗಿ ಬಂತು! ಸ್ಟುಡಿಯೋದ ಕೆಂಪು ದೀಪ ಒಮ್ಮೆ ಹೊತ್ತಿತೆಂದರೆ ಮುಗಿಯಿತು, ಬಾಯಿಂದ ಬಿದ್ದದ್ದು ಹಳ್ಳಿ ಹಳ್ಳಿಗೆ ಹೋಯಿತು ಎಂದೇ ಲೆಕ್ಕ, ವಾಪಸು ತರುವ ಹಾಗಿಲ್ಲ. ಓದಿ ಮುಗಿದ ಹಾಳೆಯನ್ನು ಸರಸರ ಎನಿಸದೆ ರತ್ನಗಂಬಳಿಯ ಮೇಲೆ ಬಿಡುವುದರಲ್ಲಿ ನನ್ನ ಕೈ ಈಗ ಪಳಗಿದೆ. ಅತ್ತೆಯ ಪಾತ್ರ ಮಾಡಿದ ಅಲಮೇಲು, "ಗಲ್ ಅಂತಲ್ಲೇ, ಬಂದ್ಯಾ ಕಳ್ಳಿ!" ಎಂದಾಗ ಮಹದೇವುವೇ ನಗು ತಡೆಯಲಾರದೆ ತುಟಿ ಕಚ್ಚಿಕೊಂಡ.

ಹದಿನಾಲ್ಕು ನಿಮಿಷ ನಲವತ್ತು ಸೆಕೆಂಡು. ಡೈರೆಕ್ಟರ್ ಸಾಹೇಬರು ತಾವೇ ಸ್ಟುಡಿಯೋಕ್ಕೆ ಬಂದು ಬೆನ್ನು ತಟ್ಟಿದರು. ಡಿಸೆಂಬರಿನಲ್ಲಿ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ಇನ್ನು ಅದರ ಯೋಚನೆ ಬೇಡವೆಂದು ಕಾಣುತ್ತದೆ. ನಮ್ಮ ಮನೆಯಲ್ಲಿ ರೇಡಿಯೋ ಇಲ್ಲ, ಹಾಗಾಗಿ ಚಂದ್ರಮತಿ ಕೇಳಲಿಲ್ಲ. ಏನು ಆಡಿದಿರಿ ಎಂದು ಕೇಳಿದಳು. "ಅತ್ತೆ ಸೊಸೆ ಜಗಳ" ಎಂದೆ. "ಮತ್ತೆ ಅದೇನಾ" ಎಂದಳು.

ಅಕ್ಟೋಬರ್ 7, ಬುಧವಾರ

ಒಂದೇ ಕಥೆಗೆ ಮೂವತ್ತೊಂದು ಕಾಗದ! ಗೆಜ್ಜೆ ಕಥೆ ಮತ್ತೊಮ್ಮೆ ಹಾಕಿ ಎಂದು ಅರಸೀಕೆರೆಯಿಂದಲೂ ಬಂದಿದೆ.

ಬೆಣ್ಣೆಯವಳು ಮೂರು ಸರತಿಯಿಂದ ಬಂದಿಲ್ಲ. ಜ್ವರವೋ ಏನೋ. ಮುಂದಿನ ಶನಿವಾರಕ್ಕೆ ರುದ್ರಣ್ಣನಿಗೆ ಮಾತಿಲ್ಲದೆ ಹಳೆಯ ನೋಟ್‌ಬುಕ್ ತಿರುವಿ ಹಾಕುತ್ತಿದ್ದೇನೆ.

ಅಕ್ಟೋಬರ್ 22, ಗುರುವಾರ

ದಸರೆಯ ಗಲಾಟೆಯಲ್ಲಿ ಬರೆಯಲಾಗಲಿಲ್ಲ. ಇವತ್ತು ಬರೆಯದೆ ಇದ್ದರೆ ಆಗುವುದಿಲ್ಲ.

ದೇವಿರಮ್ಮ ಬಂದಿದ್ದಳು. ಕೈಯಲ್ಲಿ ಬೆಣ್ಣೆಯ ಗಡಿಗೆ ಇರಲಿಲ್ಲ. ಹಿತ್ತಲಿಗೆ ಬರಲಿಲ್ಲ, ಮುಂದಿನ ಗೇಟಿನ ಹೊರಗೇ ನಿಂತಳು. ಚಂದ್ರಮತಿ ಓಡಿಹೋಗಿ "ಯಾಕಮ್ಮ, ಇಷ್ಟು ದಿನ ಎಲ್ಲಿ ಹೋಗಿದ್ದೆ? ಒಳಗೆ ಬಾ" ಎಂದಳು.

"ಬರಕಿಲ್ಲ ಅಮ್ಮಾವ್ರೆ. ಒಂದ್ ಮಾತು ಕೇಳ್ಕೊಂಡು ಓಯ್ತೀನಿ. ನಿಮ್ಮೊಬ್ರಿಗೇ ಏಳಿದ್ದೆ. ನನ್ ಗಂಡಂಗೂ ಪೂರ್ತಿ ಏಳಿರ್ನಿಲ್ಲ. ನಿಮ್ ಯಜಮಾನ್ರು ರೇಡಿಯೋದಾಗೆ ಅವ್ರೆ ಅಂತ ಮರ್ತುಬುಟ್ಟಿದ್ದೆ, ಅದು ನನ್ ತಪ್ಪು. ಆದ್ರೂ ನೀವು ಅವ್ರಿಗೆ ಏಳ್ಬೋದಾ?"

ಚಂದ್ರಮತಿಗೆ ತಲೆಬುಡ ತಿಳಿಯಲಿಲ್ಲ. ದೇವಿರಮ್ಮನೇ ಹೇಳಿದಳು. ಇಲವಾಲದ ಚಾವಡಿಯಲ್ಲಿ ಸರ್ಕಾರ ಕೊಟ್ಟ ರೇಡಿಯೋ ಇದೆ, ಸಂಜೆ ಊರೆಲ್ಲ ಅಲ್ಲಿ ಸೇರುತ್ತದೆ. ಬೀಗರ ಊರು ಬಿಳಿಕೆರೆ ಪಕ್ಕದ ಹಳ್ಳಿ, ಅಲ್ಲಿಯೂ ಇದೆ. ಆ ನೆಲುವಿನ ಗೆಜ್ಜೆಯನ್ನು ಕಣ್ಣಾರೆ ಕಂಡಿದ್ದವರು ಅಲ್ಲಿ ಇದ್ದರು. ಮಾರನೆಯ ದಿನವೇ ಮಾತು ಇಲವಾಲಕ್ಕೆ ಬಂತು. "ಮಗ್ಳು ನೀರ್ಗೋದ್ರೆ ಐಕ್ಳು ಇಂದೆ ಬಂದು ಗಲ್ ಗಲ್ ಅಂತವೆ. ಅವ್ಳು ಒರಗೇ ಬರಾದ್ ಬುಟ್ಟವ್ಳೆ. ಅವ್ಳತ್ತೆ, ಸೊಸೆ ಕಳ್ಳಿ ಅಂತ ಸಾರ್ತಾವ್ಳೆ. ಗೆಜ್ಜೆ ಕಟ್ಟೇ ಇಲ್ಲ ಅಂತ ಬ್ಯಾರೆ ಅಂತಾವ್ಳೆ. ದೀಪಾವಳಿ ಆದ್ಮೇಲೆ ನಮ್ಮೂರಲ್ಲಿ ನ್ಯಾಯ ಸೇರ್ತದೆ. ಕಳ್ಳಿ ಅಂತ ತೀರ್ಮಾನ ಆಗೋದ್ರೆ ಅವ್ಳ ಬಾಳೂ ಓಯ್ತು, ಅವ್ಳ ತಂಗೀನೂ ಯಾರೂ ತರಾಕಿಲ್ಲ."

"ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಕಣಮ್ಮ, ದೇವರಾಣೆಗೂ ಬಿಟ್ಟಿಲ್ಲ" ಎಂದಳು ಚಂದ್ರಮತಿ. ದೇವಿರಮ್ಮ ಅವಳ ಮುಖ ನೋಡಿ, "ಓಗ್ಲಿ ಬುಡಿ" ಎಂದು ಹೊರಟುಹೋದಳು. ನಂಬಲಿಲ್ಲ.

ನಾನು ಎಲ್ಲಿದ್ದೆ? ನಡುಮನೆಯ ಬಾಗಿಲ ಹಿಂದೆ. ಎಂಟು ಹೆಜ್ಜೆ ನಡೆದು 'ಇವಳಲ್ಲ, ನಾನು' ಎಂದರೆ ಸಾಕಿತ್ತು. ಚಪ್ಪಲಿ ಹುಡುಕಿದೆ. ಚಪ್ಪಲಿ ಕಾಲಲ್ಲೇ ಇತ್ತು. ಥೂ!

ಚಂದ್ರಮತಿ ಒಳಗೆ ಬಂದು, "ನೀವು ಅಂಥ ಕಥೆ ಆಡಿದ್ರಾ?" ಎಂದಳು. "ಇಂಥದ್ದು ಊರೂರಲ್ಲೂ ನಡೆಯತ್ತೆ. ನಾನೇ ಕಟ್ಟಿದ ಕಥೆ" ಎಂದೆ. ನಂಬಿದಳು. ಪಕ್ಕದ ಮನೆಯ ಗಿರಿಜಾಂಬಾ ಕಾಂಪೌಂಡಿನ ಆಚೆಯಿಂದ ಕೇಳಿಸಿಕೊಂಡು ಊರೆಲ್ಲ ಹಬ್ಬಿಸಿರಬೇಕು ಎಂದು ಅವರ ಮೇಲೆ ಜಗಳಕ್ಕೂ ಹೋದಳು. ಅದನ್ನೂ ನಾನು ತಡೆಯಲಿಲ್ಲ.

ಅಕ್ಟೋಬರ್ 23, ಶುಕ್ರವಾರ

ಒಂದು ದಾರಿ ಹೊಳೆದಿದೆ. ರೇಡಿಯೋದಲ್ಲಿ ಆದದ್ದನ್ನು ರೇಡಿಯೋದಲ್ಲೇ ಸರಿ ಮಾಡಬೇಕು. ಕಾಗದಗಳಿಗೆ ಉತ್ತರ ಕೊಡುವ ಭಾಗದಲ್ಲಿ ರುದ್ರಣ್ಣನಿಗೆ ನಾಲ್ಕು ಸಾಲು ಸೇರಿಸಿದೆ. ಗೆಜ್ಜೆ ಕಥೆ ನಡೆದದ್ದೇ ಎಂದು ಒಬ್ಬರು ಶ್ರೋತೃಗಳು ಕೇಳಿದ್ದಾರಂತೆ. ಅಂಥ ಕಾಗದ ಬಂದಿಲ್ಲ, ನಾನೇ ಹುಟ್ಟಿಸಿದೆ. ಉತ್ತರ: 'ಅದು ಬರೀ ಕಟ್ಟುಕಥೆ ಕಣ್ರಪ್ಪಾ. ಅಂಥ ಅತ್ತೇನೂ ಇಲ್ಲ, ಅಂಥ ಸೊಸೇನೂ ಇಲ್ಲ, ಯಾವ ನೆಲುವಿಗೂ ಯಾರೂ ಗೆಜ್ಜೆ ಕಟ್ಟಿಲ್ಲ.'

ರಾಮಸ್ವಾಮಿಗಳು ಕಣ್ಣಾಡಿಸಿ ಸಹಿ ಹಾಕಿದರು.

ಅಕ್ಟೋಬರ್ 24, ಶನಿವಾರ

ಹೇಳಿಯಾಯಿತು. ಎದೆ ಹಗುರಾಗಿದೆ. ಇನ್ನು ಆ ಮಕ್ಕಳು ಗಲ್ ಗಲ್ ಎನ್ನುವುದನ್ನು ಬಿಡುತ್ತವೆ, ಹುಡುಗಿ ನೀರಿಗೆ ಹೋಗಬಹುದು. ಯಾರ ಹೆಸರೂ ಹೊರಗೆ ಬರದೆ, ಯಾರಿಗೂ ನೋವಾಗದೆ ಮುಗಿಯಿತು. ಚಂದ್ರಮತಿ ಮಾಡಿದ ಹುಳಿ ಇವತ್ತು ರುಚಿಯಾಗಿತ್ತು.

ನವೆಂಬರ್ 3, ಮಂಗಳವಾರ

ಟಪಾಲಿನಲ್ಲಿ ಒಂದು ಕಾರ್ಡು ಬಂತು. ಅದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ.

'ರೇಡಿಯೋ ರುದ್ರಣ್ಣನವರಿಗೆ ಬಿಳಿಕೆರೆ ಹೋಬಳಿಯಿಂದ ಮಾಡುವ ನಮಸ್ಕಾರಗಳು. ಗೆಜ್ಜೆ ವಿಚಾರ ಸುಳ್ಳೆಂದು ತಾವು ಹತ್ತಾರು ಹಳ್ಳಿಗೆ ಕೇಳುವಂತೆ ಸಾರಿ ನಮ್ಮ ತಾಯಿಯವರ ಮಾನ ಉಳಿಸಿದಿರಿ. ನನ್ನ ತಮ್ಮನ ಹೆಂಡತಿ ಕಡೆಯವರು ಈ ಕಥೆ ಹಬ್ಬಿಸಿದ್ದರು. ಬರುವ ಭಾನುವಾರ ಇಲವಾಲದ ಚಾವಡಿಯಲ್ಲಿ ನ್ಯಾಯ. ಸರ್ಕಾರದ ರೇಡಿಯೋವೇ ಗೆಜ್ಜೆ ಸುಳ್ಳೆಂದ ಮೇಲೆ, ಹೊಟ್ಟೆಗೆ ಹಾಕಲಿಲ್ಲ ಎಂಬ ಅವರ ದೂರೂ ಸುಳ್ಳೇ, ಬೇರೆ ಸಾಕ್ಷಿ ಏಕೆ? ನಿಮ್ಮ ಮಾತನ್ನೇ ಮುಂದಿಟ್ಟು ಅವಳು ಕಳ್ಳಿ ಎಂದು ತೀರ್ಮಾನ ಮಾಡಿಸಿಕೊಳ್ಳುತ್ತೇವೆ. ಇಂತಿ, ಚೆಲುವರಾಜು.'

ಆ ಹುಡುಗಿಯ ಅತ್ತೆಯ ಹಿರಿಮಗ. ನನಗೆ ನಮಸ್ಕಾರ ಹೇಳಿದ್ದಾನೆ.

ರಾಮಸ್ವಾಮಿಗಳು ಕಾರ್ಡು ಓದಿ, "ನೋಡಿದ್ರಾ, ನಮ್ಮ ಮಾತಿಗೆ ಹಳ್ಳೀಲಿ ಎಷ್ಟು ಬೆಲೆ! ಶನಿವಾರ ಇದನ್ನ ಓದಿಬಿಡಿ" ಎಂದರು.

ನವೆಂಬರ್ 4, ಬುಧವಾರ

ರಾಮಸ್ವಾಮಿಗಳಿಗೆ ಎಲ್ಲವನ್ನೂ ಹೇಳಿದೆ. ಶನಿವಾರ ಇನ್ನೊಂದು ಸಾಲು ಸೇರಿಸಲು ಅಪ್ಪಣೆ ಕೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ದಿನ ಕಥೆ, ಒಂದು ದಿನ ಸುಳ್ಳು, ಇನ್ನೊಂದು ದಿನ ನಿಜ! ನಿಲಯ ಅಂದ್ರೆ ಏನಂದ್ಕೊಂಡಿದೀರಿ ಸುಂದರೇಶ್? ಡೈರೆಕ್ಟರ್ ಸಾಹೇಬರ ಕಿವಿಗೆ ಬಿದ್ರೆ ಇಬ್ಬರೂ ಮನೆಗೆ."

"ಹಾಗಾದ್ರೆ ಭಾನುವಾರ ನಾನೇ ಹೋಗಿ ಹೇಳ್ತೀನಿ ಸಾರ್."

"ಹೋಗ್ಬೇಡಿ ಅಂತ ನಾನು ಹೇಳಿದೀನಿ, ಜ್ಞಾಪಕ ಇರಲಿ. ಡಿಸೆಂಬರ್ ದೂರ ಇಲ್ಲ."

ಒಳ್ಳೆಯ ಮನುಷ್ಯ. ಬೆದರಿಸಲಿಲ್ಲ, ಇದ್ದದ್ದನ್ನು ಹೇಳಿದರು. ಶನಿವಾರ ಆ ಕಾರ್ಡು ಓದಬೇಡಿ ಎಂದೂ ಹೇಳಿದರು.

ನವೆಂಬರ್ 5, ಗುರುವಾರ. ನರಕ ಚತುರ್ದಶಿ

ಎಣ್ಣೆನೀರಾದ ಮೇಲೆ ಚಂದ್ರಮತಿಗೆ ಹೇಳಿದೆ. ಕಿಟಕಿ, ನೋಟ್‌ಬುಕ್, ಎಲ್ಲ.

ಅವಳು ಆ ಕೋಣೆಗೆ ಹೋಗಿ ಕಿಟಕಿಯಿಂದ ಹಿತ್ತಲ ಜಗುಲಿಯನ್ನು ನೋಡಿ ಬಂದಳು. ಆಮೇಲೆ, "ಎರಡು ವರ್ಷ ಅಲ್ಲಿ ಕೂತಿದ್ರಾ?" ಎಂದಳು. ಹೂಂ ಎಂದೆ. "ನಾನು ಆಡಿದ್ದೂ ಬರ್ಕೊಂಡಿದೀರಾ?"

ಬರೆದುಕೊಂಡಿದ್ದೇನೆ. ನಮ್ಮ ಮಗು ಉಳಿಯಲಿಲ್ಲವಲ್ಲ, ಆಗ ಇವಳು ದೇವಿರಮ್ಮನ ಹತ್ತಿರ ಹೇಳಿಕೊಂಡ ನಾಲ್ಕು ಮಾತನ್ನು ಹೋದ ವರ್ಷ ಅಲಮೇಲು ಬಾಯಲ್ಲಿ ಹೇಳಿಸಿದ್ದೆ. ಬಹಳ ಜನ ಕಣ್ಣೀರಿಟ್ಟೆವು ಎಂದು ಬರೆದಿದ್ದರು. ನಾನು ತಲೆ ತಗ್ಗಿಸಿದೆ. ಅವಳಿಗೆ ತಿಳಿಯಿತು.

ಎದ್ದು ಗಿರಿಜಾಂಬಾ ಅವರ ಮನೆಗೆ ಹೋದಳು, ಕ್ಷಮೆ ಕೇಳಲು. ಹಬ್ಬದ ಊಟಕ್ಕೆ ಇಬ್ಬರೂ ಕೂರಲಿಲ್ಲ.

ನವೆಂಬರ್ 7, ಶನಿವಾರ

ಕಾರ್ಯಕ್ರಮ ಆಯಿತು. ಎರಡು ಕಡೆ ಸಾಲು ತಪ್ಪಿದೆ.

ನವೆಂಬರ್ 8, ಭಾನುವಾರ

ಇಲವಾಲಕ್ಕೆ ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೇ ಬರೆಯಲು ನೋಡುತ್ತೇನೆ. ನನಗೆ ಆ ಅಭ್ಯಾಸ ಕಡಿಮೆ.

ಬಸ್ಸಿನಿಂದ ಇಳಿದಾಗ ಹತ್ತೂವರೆ. ಚಾವಡಿಯ ಮುಂದೆ ಇನ್ನೂರು ಜನ ಇದ್ದಿರಬಹುದು. ಗೋಡೆಯ ಗೂಡಿನಲ್ಲಿ ಮರದ ಬಾಗಿಲು ಹಾಕಿ ಬೀಗ ಜಡಿದ ರೇಡಿಯೋ. ಅದರ ಕೆಳಗೆ ಪಟೇಲ ದೊರೆಸ್ವಾಮಿಗಳು, ಪಕ್ಕದಲ್ಲಿ ಎರಡೂ ಊರಿನ ಹಿರಿಯರು. ಒಂದು ಕಡೆ ಚೆಲುವರಾಜು, ಅವನ ತಾಯಿ. ತಾಯಿ ಎಂದರೆ ಅಲಮೇಲುವಿನ ಹಾಗೆ ಗಟ್ಟಿ ದನಿಯ ಹೆಂಗಸು ಎಂದುಕೊಂಡಿದ್ದೆ. ಸಣಕಲು ಮುದುಕಿ. ಇನ್ನೊಂದು ಕಡೆ ದೇವಿರಮ್ಮನವರು ಕುಳಿತಿದ್ದರು. ಅವರ ಬೆನ್ನಿನ ಹಿಂದೆ ಸೆರಗನ್ನು ಮುಖದ ತನಕ ಎಳೆದುಕೊಂಡ ಹುಡುಗಿ. ಚಿಕ್ಕತಾಯಿಯನ್ನು ನಾನು ನೋಡಿದ್ದು ಅದೇ ಮೊದಲು.

ಚೆಲುವರಾಜು ಹೇಳುತ್ತಿದ್ದ: "ಗೆಜ್ಜೆ ಕಟ್ಟೇ ಇಲ್ಲ. ರುದ್ರಣ್ಣನೇ ಸುಳ್ಳು ಅಂದ್ನಲ್ಲ, ನೀವೇ ಇಲ್ಲಿ ಕೂತು ಕೇಳಿಲ್ವಾ?" ಜನ ಹೌದು ಹೌದು ಎಂದರು.

ನಾನು ಮುಂದೆ ಹೋಗಿ ಕೈಮುಗಿದೆ. "ನಾನು ರೇಡಿಯೋ ನಿಲಯದವನು. ರುದ್ರಣ್ಣನ ಮಾತು ಬರೆಯೋನು, ಆಡೋನು ನಾನೇ. ಆವತ್ತು ಸುಳ್ಳು ಅಂದಿದ್ದೇ ಸುಳ್ಳು."

ಯಾರೋ ನಕ್ಕರು. "ರುದ್ರಣ್ಣ ಅಂದ್ರೆ ಇಂಗೆ ದಪ್ಪ ಮೀಸೆ, ಇಷ್ಟ್ ಎತ್ರ ಆಳು ಕಣ್ರೀ. ಇವ್ರು ಯಾವ್ದೋ ಇಸ್ಕೂಲ್ ಮೇಷ್ಟ್ರು." ಚೆಲುವರಾಜು ಎದ್ದು ನಿಂತು, "ದೇವಿರಮ್ಮ ಪ್ಯಾಟೆಯಿಂದ ಯಾರ್ನೋ ಇಡ್ಕಬಂದವ್ಳೆ" ಎಂದ. ದೇವಿರಮ್ಮನವರು ನನ್ನನ್ನು ನೋಡಿ ಬೆಚ್ಚಿದ್ದರು. ನಾನು ಬರುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ.

ಪಟೇಲರು ಕೈಯೆತ್ತಿ ಸುಮ್ಮನಿರಿಸಿದರು. "ಸ್ವಾಮಿ, ತಪ್ಪು ತಿಳೀಬ್ಯಾಡಿ. ಸುಳ್ಳು ಅಂತ ಅಂದೋನು ರುದ್ರಣ್ಣ. ದಿಟ ಅನ್ನೋದಾದ್ರೆ ಅದ್ನೂ ರುದ್ರಣ್ಣನೇ ಅನ್ಬೇಕು. ತಾವೇ ಅವ್ನಾದ್ರೆ ಆ ದನೀಲಿ ಏಳಿ."

ಆ ದನಿಯನ್ನು ನಾನು ಮೈಕಿನ ಮುಂದೆ ಬಿಟ್ಟು ಎಲ್ಲೂ ಆಡಿದವನಲ್ಲ. ಅಲ್ಲಿ ನನ್ನ ಎದುರು ಇರುವುದು ಗಾಜು. ಇಲ್ಲಿ ಹತ್ತು ಅಡಿ ದೂರದಲ್ಲಿ ದೇವಿರಮ್ಮನವರು. ಬಸ್ಸು ಹತ್ತಿ ವಾಪಸು ಹೋಗಿಬಿಡಬೇಕು ಎನಿಸಿತು, ಸುಳ್ಳೇಕೆ ಹೇಳಲಿ. ಆದರೆ ಹುಡುಗಿ ಅಲ್ಲಿದ್ದಳು.

ಕಣ್ಣು ಮುಚ್ಚಿಕೊಂಡು ಶುರು ಮಾಡಿದೆ. "ಏನ್ರಪ್ಪೋ, ಎಲ್ರೂ ಬಂದ್ರಾ ಜಗುಲಿಗೆ?"

ಹೋ ಎಂದರು! ಮಕ್ಕಳು ಚಪ್ಪಾಳೆ ಹೊಡೆದವು. "ಅವ್ನೇ ಕಣ್ರೋ, ರುದ್ರಣ್ಣನೇ!" ಎಂದು ಹಿಂದಿದ್ದವರೂ ಎದ್ದು ಮುಂದೆ ಬಂದರು. ಪಟೇಲರ ಮುಖವೂ ಅರಳಿತು. ಎರಡು ವರ್ಷ ನಾನು ಕಾಣದೆ ಇದ್ದ ನಗು, ಅಷ್ಟೂ ಜನರ ಬಾಯಲ್ಲಿ. ಹಿಂದೆಯಾಗಿದ್ದರೆ ಹಿಗ್ಗುತ್ತಿದ್ದೆ.

"ನಾನು ಕಿಟ್ಕಿ ಸಂದೀಲಿ ಕೂತು ಕದ್ದು ಕೇಳ್ದೆ ಕಣ್ರಪ್ಪಾ" ಎಂದೆ. ನಕ್ಕರು. "ಈ ತಾಯಿ ಬೆಣ್ಣೆ ಆಕೋಕ್ ಬಂದು, ನಮ್ಮನೆ ಎಂಗಸ್ರ ತಾವ ಅತ್ಕೊಂಡು ಏಳ್ತಿದ್ರು. ಯಾರ್ಗೂ ಏಳ್ಬ್ಯಾಡಿ ಅಂತಿದ್ರು." ಆಗಲೂ ನಕ್ಕರು. ಆ ದನಿಗೆ ನಗುವುದು ಅವರಿಗೆ ರೂಢಿಯಾಗಿದೆ, ರೂಢಿ ಮಾಡಿಸಿದವನು ನಾನು. "ನಾನು ಅದ್ನ ಬರ್ಕೊಂಡು ನಿಮ್ಮುನ್ನ ನಗ್ಸ್‌ದೆ. ರುದ್ರಣ್ಣ ಆಡೋ ಮಾತೆಲ್ಲ ಇವ್ರದೇ. ಅಂಗೇ ಕದ್ದು ಕದ್ದು ಬರ್ಕೊಂಡಿದ್ದು. ಮಗ್ಳ ಕತೇನೂ ಕದ್ದೆ. ತಗಲಾಕ್ಕೊತೀನಿ ಅಂತ ಎದ್ರುಕೊಂಡು ಸುಳ್ಳು ಅಂತ ಸಾರ್ದೆ. ಈ ನ್ಯಾಯ್ದಲ್ಲಿ ಕಳ್ಳ ಅಂತ ಯಾರಾರ ಇದ್ರೆ ನಾನೇ."

ನಗು ಎಲ್ಲಿ ನಿಂತಿತೋ ಗೊತ್ತಿಲ್ಲ. ನಿಂತಿತ್ತು.

"ಇನ್ನೊಂದೈತೆ" ಎಂದೆ. "ಎತ್ತಿನ ಗೆಜ್ಜೆ ಸರ ಕಟ್ಟಿದ್ರು ಅಂತ ಅಂದ್ನಲ್ಲ, ಅದು ನಾನು ಸೇರ್ಸಿದ್ದು. ಈ ತಾಯಿ ಏಳಿದ್ದು ಒಂದೇ ಗೆಜ್ಜೆ."

ಆ ಮುದುಕಿ ದಡಕ್ಕನೆ ಎದ್ದರು. "ಕೇಳುದ್ರಾ? ಒಂದೇ ಒಂದು! ಒಂದ್ ಗೆಜ್ಜೆ ಕಟ್ಟಿದ್ಕೆ ಸರ ಕಟ್ಟವ್ಳೆ ಅಂತ ಊರೂರ್ಗೂ ಸಾರವ್ನೆ ಈವಯ್ಯ! ನನ್ ಮಾನ ಕಳ್ದವ್ನೆ!"

ಚೆಲುವರಾಜು ತಾಯಿಯ ಸೆರಗು ಹಿಡಿದು ಎಳೆದ. ತಡವಾಗಿತ್ತು.

"ಕಟ್ಟೇ ಇಲ್ಲ ಅಂದ್ರಲ್ಲವ್ವಾ" ಎಂದರು ಪಟೇಲರು, ಮೆಲ್ಲಗೆ.

"ಬೆಕ್ಕು ಬತ್ತಿತ್ತು... ಅದ್ಕೆ..." ಮುದುಕಿ ಕುಳಿತುಬಿಟ್ಟರು.

ಪಟೇಲರು ಹುಡುಗಿಯ ಕಡೆ ತಿರುಗಿದರು. "ನೀನ್ ಏಳವ್ವ ಚಿಕ್ಕತಾಯಿ. ಮಡಕೆ ಮುಟ್ದ್ಯಾ?"

ಸೆರಗಿನೊಳಗಿನಿಂದ ಸಣ್ಣ ದನಿ ಬಂತು. "ಮುಟ್ದೆ."

"ಯಾಕವ್ವ?"

"ಅಸಿವಾಗ್ತಿತ್ತು."

ಅಷ್ಟೇ ಹೇಳಿದ್ದು. ಹದಿನಾಲ್ಕು ನಿಮಿಷ ನಲವತ್ತು ಸೆಕೆಂಡಿನಲ್ಲಿ ನಾನು ಹೇಳದೆ ಬಿಟ್ಟದ್ದೂ ಅಷ್ಟೇ.

ತೀರ್ಮಾನಕ್ಕೆ ಹೊತ್ತು ಹಿಡಿಯಲಿಲ್ಲ. ತಾನು ಸೇರಿದ ಮನೆಯಲ್ಲಿ ಹಸಿದು ಅನ್ನ ಮುಟ್ಟಿದವಳು ಕಳ್ಳಿ ಅಲ್ಲ. ಯಾರಾದರೂ ಹಾಗೆ ಕರೆದರೆ ಎರಡೂ ಊರಿಗೆ ತಪ್ಪು ಒಪ್ಪಿಸಬೇಕು. ಅವಳ ಪಾತ್ರೆ ಪರಡಿ, ಬಳೆ, ಸೀರೆ ಎಂಟು ದಿನದೊಳಗೆ ಬರಬೇಕು. ಗಂಡನಿಗೆ ಹೆಂಡತಿ ಬೇಕಿದ್ದರೆ ಅವನೇ ಬಂದು ಕರೆಯಬೇಕು, ಹೋಗುವುದು ಬಿಡುವುದು ಅವಳ ಇಷ್ಟ. ಗಂಡ ಅಲ್ಲಿಗೆ ಬಂದೇ ಇರಲಿಲ್ಲ. ನನಗೂ ಪಟೇಲರು ಒಂದು ಮಾತು ಹೇಳಿದರು: "ತಾವು ಬಂದದ್ದು ಒಳ್ಳೇದಾಯ್ತು ಸ್ವಾಮಿ. ಇನ್ ಓಗಿ." ಯಾರೂ ಕಾಫಿ ಕುಡಿಯಿರಿ ಎನ್ನಲಿಲ್ಲ. ಸರಿಯಾಗಿಯೇ ಇತ್ತು.

ರಸ್ತೆಗೆ ಬಂದು ಬಸ್ಸಿಗೆ ನಿಂತೆ. ಸ್ವಲ್ಪ ಹೊತ್ತಿಗೆ ದೇವಿರಮ್ಮನವರು ಬಂದರು. ಹತ್ತಿರ ಬರಲಿಲ್ಲ, ನಾಲ್ಕು ಮಾರು ದೂರದಲ್ಲೇ ನಿಂತರು. ತಪ್ಪಾಯಿತು ಎಂದೆ, ನನ್ನ ದನಿಯಲ್ಲೇ. ಚಂದ್ರಮತಿ ಏನೂ ಹೇಳಿರಲಿಲ್ಲ, ಅವಳ ಮೇಲೆ ಬೇಜಾರು ಮಾಡಿಕೊಳ್ಳಬೇಡಿ ಎಂದೆ.

"ಗೊತ್ತಾಯ್ತು ಬುಡಿ. ಅಮ್ಮಾವ್ರಿಗೆ ನಾನೇ ಬಂದು ಕೈಮುಗೀತೀನಿ." ಹೊರಡಲು ತಿರುಗಿದವರು ಮತ್ತೆ ನಿಂತರು. "ನ್ಯಾಯ ಆಯ್ತು. ಮಗ್ಳ ತಲೆ ಮ್ಯಾಲಿನ್ ಮಾತು ಓಯ್ತು. ಆದ್ರೆ ಬುದ್ಧಿ, ಒಂದ್ ಮಾತು."

"ಹೇಳಿ."

"ಎರಡ್ ವರ್ಸದಿಂದ ನಾನೂ ಚಾವ್ಡಿ ಮುಂದೆ ಕೂತ್ಕೊಂಡು ರುದ್ರಣ್ಣನ ಮಾತ ಕೇಳಿವ್ನಿ. ಎಂಗ್ ಮಾತಾಡ್ತಾನೆ ನೋಡು ಈ ಪೆದ್ದ ಅಂತವ ಎಲ್ರ ಜೊತೇಲಿ ನಾನೂ ಬಿದ್ದು ಬಿದ್ದು ನಕ್ಕಿವ್ನಿ. ಅದು ನಾನೇ ಅಂತ ಇವತ್ ಗೊತ್ತಾಯ್ತು."

ಬಸ್ಸು ಬಂತು. ಹತ್ತಿ ಕುಳಿತೆ.